ಗುಂಡಿ ತೋಡುವ ಮೊದಲು ಮಾತು: ಕೊಡಗಿನಲ್ಲಿ ರೋಬಸ್ಟಾ ಮರುನಾಟಿ

ಹಳೆಯ ರೋಬಸ್ಟಾ ಕಾಫಿಯ ಬ್ಲಾಕ್ (ತೋಟದ ಒಂದು ಭಾಗ) ಕಿತ್ತು ಹೊಸ ಗಿಡ ನೆಟ್ಟರೆ ಲೆಕ್ಕಕ್ಕೆ ಸಿಗುವ ಮೊದಲ ಫಸಲು ನಾಲ್ಕನೇ ವರ್ಷ, ಪೂರ್ತಿ ಫಸಲು ಏಳು ಎಂಟನೇ ವರ್ಷ. ಒಳ್ಳೆಯ ಗಿಡವಾದರೆ ಆಮೇಲೆ ನಾಲ್ಕೈದು ದಶಕ ಕಾಯಿ ಬಿಡುತ್ತದೆ. ಸಿದ್ದಾಪುರ, ಅಮ್ಮತ್ತಿ, ಪೊನ್ನಂಪೇಟೆ ಕಡೆ ಅರ್ಧಕ್ಕೇ ನಿಂತ ಮರುನಾಟಿಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಕಾರಣ ಕೇಳಿದರೆ ಮಳೆ, ಆನೆ, ಆಳಿನ ಕೊರತೆ ಎನ್ನುತ್ತಾರೆ. ಒಳಗೆ ಹೋಗಿ ನೋಡಿದರೆ ಬಹುಪಾಲು ಕಡೆ ಕೆಟ್ಟಿರುವುದು ಮಾತು. ಮೂರನೇ ವರ್ಷಕ್ಕೆ ತಮ್ಮನಿಗೆ ದುಡ್ಡು ಬೇಕಾಯಿತು, ನಾಲ್ಕನೇ ವರ್ಷ ಪಕ್ಕದ ತೋಟದವರೊಂದಿಗೆ ಕೆರೆ ನೀರಿಗೆ ಜಗಳವಾಯಿತು, ಗಿಡ ಕಸಿ (ಕಾಫಿಯಲ್ಲಿ ಕಸಿ ಎಂದರೆ ಕಡ್ಡಿ ಸವರುವ ಕೆಲಸ) ಬಲ್ಲ ಹಳೆಯ ಆಳು ಬೇರೆ ತೋಟಕ್ಕೆ ಹೋದರು. ಗಿಡಕ್ಕೆ ಎಂಟು ವರ್ಷ ಬೇಕು ಎಂದಾದರೆ ಗಿಡದ ಸುತ್ತ ಇರುವವರ ಒಪ್ಪಂದವೂ ಎಂಟು ವರ್ಷ ಬಾಳಬೇಕು. ನಾವು ಮರುನಾಟಿ ಮಾಡುವ ಕ್ರಮವನ್ನು ಆ ಕಾರಣಕ್ಕೆ ಕಾಗದದಿಂದ ಶುರು ಮಾಡಿ, ಕಣದ ತನಕ ಇಲ್ಲಿ ಬರೆದಿದ್ದೇವೆ.

ಮನೆಯೊಳಗಿನ ಕಾಗದ

ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಾದರೆ ಜಾಗ ಒಬ್ಬರ ಹೆಸರಿನಲ್ಲಿ ಇರುವುದು ಕಡಿಮೆ. ಆರ್‌ಟಿಸಿಯಲ್ಲಿ (ಪಹಣಿ) ಪಟ್ಟೆದಾರರ ಹೆಸರು, ಅವರ ಜೊತೆ ಒಕ್ಕದವರ (ಕುಲದ ಮನೆಯವರ) ಹೆಸರುಗಳು; ಎಷ್ಟೋ ಕಡೆ ತೀರಿಹೋದ ಹಿರಿಯರ ಹೆಸರೇ ಇನ್ನೂ ನಿಂತಿರುತ್ತದೆ. ಬ್ಯಾಂಕಿನಲ್ಲಿ ದೀರ್ಘಾವಧಿ ಸಾಲ ಕೇಳಿದ ದಿನ ಎಲ್ಲರ ಸಹಿ ಬೇಕು ಎನ್ನುತ್ತಾರೆ. ಸಸಿ ಚೀಲದಲ್ಲಿ ಬೆಳೆದು ನಿಂತ ಮೇಲೆ ಈ ಓಡಾಟ ಶುರುವಾದರೆ ಒಂದು ಮಳೆಗಾಲ ಕೈತಪ್ಪಿತು ಎಂದೇ ಲೆಕ್ಕ. ಪೌತಿ ಖಾತೆಯ ಕೆಲಸ, ಒಪ್ಪಿಗೆ ಪತ್ರದ ಕೆಲಸ ಬೀಜ ತರುವುದಕ್ಕೆ ಮೊದಲೇ ಮುಗಿಯಬೇಕು.

ಆಮೇಲೆ ಕುಟುಂಬದವರು ಕೂತು ಒಂದು ಕಾಗದ ಬರೆಯುವುದು. ಅದರಲ್ಲಿ ನಾಲ್ಕು ವಿಷಯ ಬಿಟ್ಟುಹೋಗಬಾರದು. ಮೊದಲನೆಯದು, ತೋಟದಲ್ಲಿ ನಿಂತು ನೋಡಿಕೊಳ್ಳುವವರಿಗೆ ತಿಂಗಳ ಸಂಬಳ. ಅದು ಲಾಭದ ಪಾಲಲ್ಲ, ಖರ್ಚಿನ ಬಾಬ್ತು; ಫಸಲು ಇಲ್ಲದ ವರ್ಷವೂ ಕೊಡಬೇಕು. ಇದನ್ನು ಬರೆಯದಿದ್ದರೆ ಊರಿನಲ್ಲಿರುವ ಅಣ್ಣನಿಗೆ ತಾನು ಬಿಟ್ಟಿ ದುಡಿಯುತ್ತಿದ್ದೇನೆ ಅನ್ನಿಸುತ್ತದೆ, ಬೆಂಗಳೂರಿನಲ್ಲಿರುವ ತಮ್ಮನಿಗೆ ಅಣ್ಣ ತಿನ್ನುತ್ತಿದ್ದಾನೆ ಅನ್ನಿಸುತ್ತದೆ. ಇಬ್ಬರಿಗೂ ಅವರವರ ಮಟ್ಟಿಗೆ ಅದು ಸರಿಯಾಗಿಯೇ ಕಾಣುತ್ತದೆ ಎನ್ನುವುದೇ ಕಷ್ಟ. ಎರಡನೆಯದು, ಯಾರು ಎಷ್ಟು ಹಣ ಹಾಕುತ್ತಾರೆ, ಹಾಕಲಾಗದವರ ಪಾಲು ಹೇಗೆ ಕಡಿಮೆಯಾಗುತ್ತದೆ ಎಂಬುದು. ಮೂರನೆಯದು, ಮಧ್ಯದಲ್ಲಿ ಬಿಟ್ಟುಹೋಗುವವರ ಲೆಕ್ಕ. ಮೊದಲ ಏಳು ವರ್ಷದೊಳಗೆ ಯಾರಾದರೂ ಮರುನಾಟಿಯಿಂದ ಹೊರಗೆ ಬಂದರೆ ಅವರು ಹಾಕಿದ ಹಣ ಮತ್ತು ಬ್ಯಾಂಕ್ ಠೇವಣಿಯ ಬಡ್ಡಿ ಮಾತ್ರ, ಅದನ್ನೂ ಮೂರು ಫಸಲಿನ ಕಂತಿನಲ್ಲಿ. ಆಮೇಲೆ ಬಂದರೆ ಅಂದಿನ ಬೆಲೆ, ಕೊಳ್ಳುವ ಮೊದಲ ಹಕ್ಕು ಒಕ್ಕದವರಿಗೆ. ಇದು ಕಠಿಣ ಎನ್ನುವವರಿದ್ದಾರೆ. ಗಿಡ ಇನ್ನೂ ಕಾಯಿ ಬಿಡದ ಹೊತ್ತಿನಲ್ಲಿ ಮಾರುಕಟ್ಟೆ ಬೆಲೆಗೆ ಪಾಲು ಕೊಟ್ಟು ಕಳಿಸಲು ಉಳಿದವರಿಗೆ ಸಾಲ ಮಾಡದೆ ದಾರಿಯಿಲ್ಲ, ಆ ಸಾಲ ತೀರಿಸಲು ಬೀಟೆ ಮರದ ಮೇಲೋ ಗದ್ದೆಯ ಮೇಲೋ ಕಣ್ಣು ಹೋಗುತ್ತದೆ. ನಾಲ್ಕನೆಯದು ಲೆಕ್ಕ ಒಪ್ಪಿಸುವ ರೀತಿ: ಆಳಿನ ಹಾಜರಿ ಪುಸ್ತಕದ ಪುಟ, ಗೊಬ್ಬರದ ಬಿಲ್ಲು ತಿಂಗಳಿಗೊಮ್ಮೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬೇಕು. ನೋಡುವವರು ಒಬ್ಬಿಬ್ಬರೇ ಇರಬಹುದು, ಆದರೂ ಕಳಿಸಬೇಕು. ಜಾಗವನ್ನೇ ಪಾಲು ಮಾಡುವ ಪತ್ರವಾದರೆ ಅದು ನೋಂದಣಿ ಆಗಲೇಬೇಕು. ಮರುನಾಟಿಯ ಖರ್ಚು ಮತ್ತು ಫಸಲಿನ ಒಪ್ಪಂದಕ್ಕೂ ವಕೀಲರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಎಷ್ಟು ಎಕರೆ ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. 16 ಎಕರೆ ತೋಟ, ವರ್ಷಕ್ಕೆ ಎರಡೆರಡು ಎಕರೆಯಾದರೆ ಎಂಟು ವರ್ಷದಲ್ಲಿ ಮುಗಿಯಿತು ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತದೆ. ಆದರೆ ಕಿತ್ತ ಬ್ಲಾಕ್ ಸುಮಾರು ನಾಲ್ಕು ವರ್ಷ ಬರಿದು. ನಾಲ್ಕನೇ ವರ್ಷದ ಹೊತ್ತಿಗೆ ಎಂಟು ಎಕರೆ, ಅಂದರೆ ಅರ್ಧ ತೋಟವೇ ಫಸಲಿಲ್ಲದೆ ನಿಂತಿರುತ್ತದೆ. ಅದೇ ಎರಡು ಎಕರೆಯನ್ನು ವರ್ಷ ಬಿಟ್ಟು ವರ್ಷ ಮಾಡಿದರೆ ಯಾವ ಕಾಲಕ್ಕೂ ನಾಲ್ಕು ಎಕರೆಗಿಂತ ಹೆಚ್ಚು ಬರಿದಾಗುವುದಿಲ್ಲ. ಪೂರ್ತಿ ತೋಟಕ್ಕೆ 16 ವರ್ಷ ಹಿಡಿಯುತ್ತದೆ, ಹಿಡಿಯಲಿ. ಸಾಲವಿಲ್ಲದೆ ಮುಗಿಯುವ ಲೆಕ್ಕ ಇದು.

ಇನ್ನು ಯಾವಾಗ ಕೀಳುವುದು? ಬೆಲೆ ಏರಿದಾಗ ಕೀಳಲು ಮನಸ್ಸು ಬರುವುದಿಲ್ಲ, ಬೆಲೆ ಇಳಿದಾಗ ಕೀಳಲು ಹಣವಿರುವುದಿಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಎರಡನೆಯದು ಆಯಿತು, 2024ರಲ್ಲಿ ರೋಬಸ್ಟಾ ದಾಖಲೆ ಬೆಲೆಗೆ ಹೋದಾಗ ಮೊದಲನೆಯದು. ಹಾಗಾಗಿ ಬೆಲೆ ನೋಡಿ ನಿರ್ಧರಿಸುವುದಕ್ಕಿಂತ ಗಿಡ ನೋಡಿ ನಿರ್ಧರಿಸುವುದು ಮೇಲು. ಸಾಲಿನಲ್ಲಿ ಖಾಲಿ ಜಾಗ ಹೆಚ್ಚಿದ್ದರೆ, ಬುಡ ಪೊಳ್ಳಾಗಿದ್ದರೆ, ಹಳೆ ಪೆರಡೇನಿಯಾ ತಳಿಯ ಗಿಡಗಳು ಮರದಂತೆ ಎತ್ತರ ಹೋಗಿ ಕೆಳಗೆ ಬೋಳಾಗಿದ್ದರೆ ಕೀಳಬೇಕು. ಬುಡ ಗಟ್ಟಿಯಿದ್ದು ಮೇಲಿನ ಚೌಕಟ್ಟು ಮಾತ್ರ ಕೆಟ್ಟಿದ್ದರೆ ನೆಲದಿಂದ ಒಂದು ಅಡಿ ಬಿಟ್ಟು ಓರೆಯಾಗಿ ಕೊಯ್ದು, ಬರುವ ಚಿಗುರುಗಳಲ್ಲಿ ಒಂದೆರಡು ಉಳಿಸಿಕೊಂಡರೆ ಮೂರನೇ ವರ್ಷಕ್ಕೇ ಫಸಲು ಹಿಂದಿರುಗುತ್ತದೆ. ಅಂಥ ಬ್ಲಾಕಿಗೆ ಮರುನಾಟಿಯ ಖರ್ಚು ದಂಡ.

ನೆರಳು ಮೊದಲು, ಕಾಫಿ ಆಮೇಲೆ

ಗಿಡ ಕಿತ್ತ ಮೇಲೆ ಮರಗಳ ಕಡೆ ನೋಡುವುದು ತಡವಾಯಿತು. ಹಿಂದಿನ ಮಳೆಗಾಲದಲ್ಲೇ ಬ್ಲಾಕಿನ ಒಂದೊಂದು ಮರಕ್ಕೂ ಬಣ್ಣದ ಗುರುತು ಹಾಕಬೇಕು: ಉಳಿಯುವುದು, ಕಪಾತು (ಕೊಂಬೆ ಸವರುವುದು) ಆಗುವುದು, ಹೋಗುವುದು. ಅತ್ತಿ, ಗೋಣಿ, ನೇರಳೆ, ಹಲಸು, ಮತ್ತಿ, ನಂದಿ ಇದ್ದರೆ ಉಳಿಸಿಕೊಳ್ಳಿ. ಬೀಟೆ, ತೇಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದರ ಹಿಂದೆ ಓಡುವುದು ಬೇರೆಯೇ ಕತೆ, ಮರುನಾಟಿಯ ಲೆಕ್ಕಕ್ಕೆ ಆ ಹಣವನ್ನು ಸೇರಿಸಿಕೊಳ್ಳಬೇಡಿ.

ಕಡಿಯುವ ಮರದ ಬೇರು ನೆಲದಲ್ಲೇ ಉಳಿದರೆ ಕೊಳೆಯುವಾಗ ಕಂದು ಬೇರುರೋಗದ ಶಿಲೀಂಧ್ರಕ್ಕೆ ಆಸರೆ. ಅದು ಬೇರಿನಿಂದ ಬೇರಿಗೆ ದಾಟಿ ಐದಾರು ವರ್ಷದ ಹೊಸ ಗಿಡವನ್ನು ನಿಂತಲ್ಲೇ ಒಣಗಿಸುತ್ತದೆ. ಒಂದು ಗಿಡ ಹಳದಿಯಾಗಿ ಒಣಗಿತು, ಮುಂದಿನ ವರ್ಷ ಅದರ ಪಕ್ಕದ್ದು ಎಂದರೆ ಸಾಮಾನ್ಯವಾಗಿ ಹತ್ತಿರದಲ್ಲೇ ಒಂದು ಹಳೆಯ ಮೋಟು ಇರುತ್ತದೆ. ಮೋಟನ್ನು ಬೇರು ಸಹಿತ ತೆಗೆಯಬೇಕು. ಆಗದಿದ್ದರೆ ಸುತ್ತ ಎರಡು ಮೂರು ಅಡಿ ಆಳದ ಕಿರಿದಾದ ಅಗಳು ತೆಗೆದು ಬೇರಿನ ಸಂಪರ್ಕ ಕಡಿಯಬೇಕು, ತೆಗೆದ ಮಣ್ಣನ್ನು ಅಗಳಿನ ಒಳಬದಿಗೇ ಹಾಕಬೇಕು.

ಜೆಸಿಬಿ ಬಗ್ಗೆ ಒಂದು ಮಾತು. ಸಮತಟ್ಟು ಜಾಗದಲ್ಲಿ ಹಳೆ ಗಿಡ ಕೀಳಲು ಅದು ಸರಿ, ಒಣ ಮಣ್ಣಿನಲ್ಲಿ ಮಾತ್ರ. ಇಳಿಜಾರಿನಲ್ಲಿ ಬೇಡ. 2018ರ ಆಗಸ್ಟಿನ ಮಳೆಯಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಗುಡ್ಡಗಳು ಜಾರಿದ್ದನ್ನು ನೋಡಿದ ಮೇಲೂ ಓರೆ ನೆಲವನ್ನು ಯಂತ್ರದಿಂದ ಕೆದಕಿ ಬೋಳು ಬಿಡುವುದು ಧೈರ್ಯವಲ್ಲ, ಅವಿವೇಕ. ಓರೆ ಇದ್ದಲ್ಲಿ ಸಾಲು ಬಿಟ್ಟು ಸಾಲು ಕಿತ್ತು, ಎರಡು ಹಂತದಲ್ಲಿ ನೆಡುವುದೇ ವಾಸಿ.

ನೆರಳಿಗೆ ಹಾಲುವಾಣದ ಆರಡಿ ಗೂಟಗಳನ್ನು ಜೂನ್ ಮಳೆ ಹಿಡಿದ ಕೂಡಲೇ ನೆಡಬೇಕು, ಕಾಫಿಗಿಂತ ಒಂದು ವರ್ಷ ಮೊದಲಾದರೆ ಇನ್ನೂ ಚೆನ್ನ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಮರ ಅದು, ಸೊಪ್ಪು ಬೇಗ ಕೊಳೆಯುತ್ತದೆ. ಎಲೆಗಂಟು ಮಾಡುವ ಸಣ್ಣ ಕಣಜ ಬಂದ ಮೇಲೆ ಹಾಲುವಾಣದ ಮೇಲಿನ ಭರವಸೆ ಕಡಿಮೆಯಾಯಿತು ಎನ್ನುವುದು ನಿಜ. ಅದಕ್ಕೆ ಇಡೀ ಬ್ಲಾಕಿಗೆ ಸಿಲ್ವರ್ ಓಕ್ ತುಂಬುವುದು ಉತ್ತರವಲ್ಲ. ಸಿಲ್ವರ್ ಓಕ್ ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದರೆ ದುಡ್ಡೂ ಬರುತ್ತದೆ. ಆದರೆ ಎಲೆ ನಿಧಾನ ಕೊಳೆಯುತ್ತದೆ, ನೆರಳು ತೆಳು, ಹಣದ ಮುಗ್ಗಟ್ಟಿನಲ್ಲಿ ಮೊದಲು ಉರುಳುವುದು ಅದೇ. ಅದು ಉರುಳಿದ ದಿನ ಅದಕ್ಕೆ ಹಬ್ಬಿದ ಹತ್ತು ವರ್ಷದ ಬಳ್ಳಿಯೂ ಹೋಯಿತು. ಅಂಚಿಗೆ ಸಿಲ್ವರ್ ಓಕ್, ಒಳಗೆ ಮೂವತ್ತು ನಲವತ್ತು ಅಡಿಗೊಂದು ಕಾಡುಮರ, ನಡುವೆ ಹಾಲುವಾಣ: ಇದು ನಮ್ಮ ಹಂಚಿಕೆ. ಹಲಸು, ಬಾಳೆ ಎಲ್ಲಿ ಎಂಬುದನ್ನು ಆನೆ ದಾರಿ ನೋಡಿ ತೀರ್ಮಾನಿಸಬೇಕು. ಮಾಗಿದ ಹಲಸಿಗೆ ಬರುವ ಆನೆ ಹೊಸ ಗಿಡಗಳ ಮೇಲೆಯೇ ನಡೆದು ಬರುತ್ತದೆ.

ಈ ಹಂತದಲ್ಲೇ ಶುಂಠಿಯವರು ಬರುತ್ತಾರೆ. ಬೋಳಾದ ಬ್ಲಾಕ್ ಒಂದು ವರ್ಷಕ್ಕೆ ಕೊಡಿ, ನೆಲ ಹದ ಮಾಡಿಕೊಟ್ಟು ಹೋಗುತ್ತೇವೆ, ಕೈಗೆ ಮುಂಗಡ. ಎರಡು ಎಕರೆಯ ನಾಟಿ ಖರ್ಚಿನ ದೊಡ್ಡ ಪಾಲು ಅದರಲ್ಲೇ ಬಂದೀತು ಎನ್ನುವಷ್ಟು ಆಕರ್ಷಕ. ಅವರು ಹೋದ ಮೇಲೆ ಉಳಿಯುವುದು ಏನು? ಏರಿ ಮಾಡಲು ಸಡಿಲಿಸಿದ ಮೇಲ್ಮಣ್ಣು ಒಂದೇ ಮಳೆಗಾಲದಲ್ಲಿ ತೋಡಿಗೆ ಇಳಿದಿರುತ್ತದೆ, ಗೆಡ್ಡೆ ಕೊಳೆರೋಗದ ಬೀಜ ಮಣ್ಣಿನಲ್ಲಿ ಕೂತಿರುತ್ತದೆ, ಬಿಸಿಲಿಗಾಗಿ ನೆರಳನ್ನು ಕತ್ತರಿಸಿರುತ್ತಾರೆ. ಒಂದು ವರ್ಷದ ಸಂಬಂಧಕ್ಕೆ ನೆಲವನ್ನು ಒಪ್ಪಿಸುವುದು ಹೀಗೆ. ಬಾಳೆ, ಅಲಸಂದೆ, ಹುರುಳಿ ಹಾಕಿದರೆ ಬರುವ ದುಡ್ಡು ಕಡಿಮೆ, ನೆಲ ಉಳಿಯುತ್ತದೆ.

ಸಸಿಮಡಿ ಮತ್ತು ಬಾಗಿದ ಬೇರು

ಬೀಜಕ್ಕೆ ಕಾಫಿ ಮಂಡಳಿಗೆ ಮೊದಲೇ ಬೇಡಿಕೆ ಕೊಡಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ, ಅದರ ಉಪಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ. ನೀರಿನ ಅನುಕೂಲ ಇದ್ದಲ್ಲಿ ಸಿ×ಆರ್ ತಳಿ, ಗಿಡ ಸ್ವಲ್ಪ ಗಿಡ್ಡ, ಕಾಯಿ ದಪ್ಪ. ಜಾಗ ವಿಶಾಲವಿದ್ದು ನೀರು ಕಡಿಮೆ ಇದ್ದಲ್ಲಿ ಎಸ್.274 ತಳಿ. ಹತ್ತು ಅಡಿ ಅಂತರದಲ್ಲಿ ಎಕರೆಗೆ 435 ಗಿಡ, ಎಂಟು ಅಡಿಯಲ್ಲಿ 680, ಹನ್ನೆರಡರಲ್ಲಿ 302. ನರ್ಸರಿಯಲ್ಲಿ ಆರಿಸಿ ಬಿಸಾಡಲು, ನೆಟ್ಟ ಮೇಲೆ ಸತ್ತದ್ದನ್ನು ತುಂಬಲು ಕಾಲುಭಾಗ ಹೆಚ್ಚು ಸಸಿ ಬೇಕು.

ಡಿಸೆಂಬರ್, ಜನವರಿಯಲ್ಲಿ ಮಡಿಗೆ ಬೀಜ. ಮಡಿ ಮೂರಡಿ ಅಗಲ, ಅರ್ಧ ಅಡಿ ಎತ್ತರ. ಬೀಜದ ಚಪ್ಪಟೆ ಮುಖ ಕೆಳಗೆ ಬರುವಂತೆ ಒಂದಂಗುಲಕ್ಕೆ ಒಂದರಂತೆ ಇಟ್ಟು, ತೆಳುವಾಗಿ ಮಣ್ಣು ಉದುರಿಸಿ ಒಣಹುಲ್ಲು ಮುಚ್ಚಬೇಕು. ಒಂದೂವರೆ ತಿಂಗಳಿಗೆ ಮೊಳಕೆ ಕತ್ತೆತ್ತುತ್ತದೆ. ಬೀಜ ಇನ್ನೂ ಟೋಪಿಯಂತೆ ತುದಿಯಲ್ಲಿ ಇರುವಾಗಲೇ ಚೀಲಕ್ಕೆ ವರ್ಗಾಯಿಸಬೇಕು. ಚೀಲದ ಮಣ್ಣು ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು.

ಇಲ್ಲಿ ಆಗುವ ತಪ್ಪೊಂದು ಐದು ವರ್ಷ ಕಾಣಿಸಿಕೊಳ್ಳುವುದಿಲ್ಲ. ಮೊಳಕೆಯನ್ನು ಚೀಲದ ಮಣ್ಣಿಗೆ ಚುಚ್ಚುವಾಗ ತೂತು ಆಳವಿಲ್ಲದಿದ್ದರೆ ತಾಯಿಬೇರು ಮಡಚಿಕೊಳ್ಳುತ್ತದೆ. ಸಸಿ ಹಸಿರಾಗಿಯೇ ಬೆಳೆಯುತ್ತದೆ, ನೆಟ್ಟ ಮೇಲೂ ಚಿಗುರುತ್ತದೆ. ಮೊದಲ ದೊಡ್ಡ ಫಸಲು ಹೊತ್ತ ವರ್ಷ, ಮಾರ್ಚಿನ ಬಿಸಿಲಿನಲ್ಲಿ ಆ ಗಿಡ ಬಾಡುತ್ತದೆ; ಕಿತ್ತು ನೋಡಿದರೆ ಬೇರು ಕೊಕ್ಕೆಯಂತೆ ತಿರುಗಿರುತ್ತದೆ. ಅದಕ್ಕೆ ಚುಚ್ಚುವ ಕೆಲಸವನ್ನು ಎಣಿಕೆಯ ಗುತ್ತಿಗೆಗೆ ಕೊಡಬಾರದು. ಉದ್ದ ಬೇರಿನ ತುದಿ ಚಿವುಟಿ, ಬಾಗಿದ್ದನ್ನು ಅಲ್ಲೇ ಬಿಸಾಡಿ, ನೇರವಾಗಿ ಇಳಿಸಿ ಬೆರಳಿನಿಂದ ಒತ್ತುವಷ್ಟು ವ್ಯವಧಾನ ದಿನಗೂಲಿಯಲ್ಲಿ ಮಾತ್ರ ಸಿಗುತ್ತದೆ.

ನಾಟಿಯಿಂದ ಚೌಕಟ್ಟಿನವರೆಗೆ

ಏಪ್ರಿಲ್ ಮಳೆ ಒಂದೆರಡು ಬಿದ್ದ ಮೇಲೆ ಗುಂಡಿ, ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ. ಗುಂಡಿ ಕೆಲವು ವಾರ ಬಿಸಿಲು ಗಾಳಿ ಕುಡಿಯಲಿ. ಮಳೆಗೆ ಮುಂಚೆ ಮೇಲ್ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ಮುಚ್ಚಿ, ನೆಲಕ್ಕಿಂತ ಸ್ವಲ್ಪ ಉಬ್ಬಾಗಿ ಬಿಡಬೇಕು. ಮಟ್ಟಸ ಮಾಡಿದರೆ ಜುಲೈಯಲ್ಲಿ ಮಣ್ಣು ಕುಸಿದು ನೀರು ನಿಂತು ಬುಡ ಕೊಳೆಯುತ್ತದೆ. ಮಣ್ಣಿನ ಪರೀಕ್ಷೆಯಲ್ಲಿ ಹುಳಿ ಹೆಚ್ಚಿದ್ದರೆ ಸುಣ್ಣ ಈಗಲೇ ಹಾಕಬೇಕು. ಕಾಫಿಗೆ ರಸಸಾರ 6ರಿಂದ 6.5 ಇದ್ದರೆ ಹಿತ. ಸುಣ್ಣಕ್ಕೂ ರಾಸಾಯನಿಕ ಗೊಬ್ಬರಕ್ಕೂ ನಡುವೆ ಕನಿಷ್ಠ ಮೂರು ನಾಲ್ಕು ವಾರ ಬಿಡಿ.

ನೆಡುವಾಗ ಚೀಲದ ತಳವನ್ನು ಒಂದಂಗುಲ ಮಣ್ಣು ಸಹಿತ ಕೊಯ್ದು ತೆಗೆದರೆ ಸುರುಳಿ ಸುತ್ತಿದ ಬೇರು ಹೋಗುತ್ತದೆ. ಬುಡದ ಗಂಟು ನೆಲಕ್ಕೆ ಸಮ. ಗಾಳಿಗೆ ಅಲುಗಾಡದಂತೆ ಕೋಲು. ಕಾವೇರಿ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದು ಮಳೆ ಹಿಂದೆ ಸರಿದ ಮೇಲೆ ಒಮ್ಮೆ ಅಗತೆ, ಹುತ್ತರಿ ಹಬ್ಬದ (ನವೆಂಬರ್ ಕೊನೆ, ಡಿಸೆಂಬರ್) ಹೊತ್ತಿಗೆ ಪ್ರತಿ ಗಿಡಕ್ಕೂ ಪಶ್ಚಿಮದ ಬಿಸಿಲು ತಡೆಯುವ ಸೊಪ್ಪಿನ ಗೂಡು, ಬುಡಕ್ಕೆ ತರಗೆಲೆ. ಮೊದಲ ಬೇಸಿಗೆ ದಾಟಿದ ಗಿಡ ಮುಕ್ಕಾಲು ಗೆದ್ದಂತೆ. ಸತ್ತದ್ದರ ಜಾಗಕ್ಕೆ ಮುಂದಿನ ಜೂನ್‌ನಲ್ಲೇ ಸಸಿ ತುಂಬಬೇಕು. ಮೂರನೇ ವರ್ಷ ತುಂಬಿದ ಸಸಿ ದೊಡ್ಡ ಗಿಡಗಳ ನೆರಳಿನಲ್ಲಿ ಮೇಲೇಳುವುದೇ ಇಲ್ಲ.

ಗಿಡ ಮೂರೂವರೆ ನಾಲ್ಕು ಅಡಿಗೆ ಬಂದಾಗ ತುದಿ ಚಿವುಟಿ ನಿಲ್ಲಿಸುವುದು. ಆಮೇಲಿನದು ವರ್ಷಕ್ಕೆ ಎರಡು ಮೂರು ಸಲ ಕಂಬಚಿಗುರು (ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರು) ತೆಗೆಯುವುದು, ಫಸಲಿನ ನಂತರ ಕಸಿ. ಮರುನಾಟಿಯಲ್ಲಿ ಅತಿ ಹೆಚ್ಚು ಕೈಚಳಕ ಬೇಕಾದ ಕೆಲಸ ಇದೇ. ರೋಬಸ್ಟಾ ಕಾಯಿ ಕಟ್ಟುವುದು ಹಿಂದಿನ ಮಳೆಗಾಲದಲ್ಲಿ ಬೆಳೆದ ಹೊಸ ಕಡ್ಡಿಯ ಮೇಲೆ. ಇಂದು ಕತ್ತರಿ ಹಾಕುವವರ ಕಣ್ಣಿಗೆ ಈ ವರ್ಷ ಕಾಯಿ ಬಿಟ್ಟು ಮುಗಿದ ಕಡ್ಡಿ ಯಾವುದು, ಬರುವ ವರ್ಷದ್ದು ಯಾವುದು, ಅದರ ಮುಂದಿನ ವರ್ಷಕ್ಕೆ ಎಲ್ಲಿಂದ ಚಿಗುರು ಹೊರಡಬೇಕು ಎಂಬ ಮೂರೂ ಕಾಣಬೇಕು. ಗಿಡದ ಲೆಕ್ಕಕ್ಕೆ ಗುತ್ತಿಗೆ ಕೊಟ್ಟರೆ ದಿನಕ್ಕೆ ಹೆಚ್ಚು ಗಿಡ ಮುಗಿಸುವುದೇ ಲಾಭವಾದ್ದರಿಂದ ಒಳಗೆ ಕೈ ಹಾಕಿ ನೋಡುವುದಿಲ್ಲ, ಹೊರಗಿನ ಹೊಸ ಕಡ್ಡಿಯನ್ನೇ ಸವರಿ ಹೋಗುತ್ತಾರೆ. ನಷ್ಟ ಕಾಣುವುದು ಮುಂದಿನ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಗುತ್ತಿಗೆಯವರು ಬೇರೆ ಜಿಲ್ಲೆಯಲ್ಲಿರುತ್ತಾರೆ. ಕೊಯ್ಲು ಕಿಲೋ ಲೆಕ್ಕಕ್ಕೆ ಸರಿ, ಕಸಿ ಮಾತ್ರ ದಿನಗೂಲಿಗೆ, ಆದಷ್ಟು ಅದೇ ಕೈಗಳಿಗೆ.

ಅದೇ ಕೈಗಳು ವರ್ಷ ವರ್ಷ ಉಳಿಯಬೇಕಾದರೆ ಮಾಡಬೇಕಾದದ್ದು ಎಲ್ಲರಿಗೂ ಗೊತ್ತಿದೆ, ಮಾಡುವವರು ಕಡಿಮೆ. ಆಳುಗಳು ಇರುವ ಲೈನ್ ಮನೆಗೆ ಸೋರದ ಮಾಡು, ಶೌಚಾಲಯ, ಕುಡಿಯುವ ನೀರು. ಸಂತೆಯ ಹಿಂದಿನ ದಿನವೇ ಕೂಲಿ. ಮಳೆಗಾಲದಲ್ಲಿ ಕೆಲಸವಿಲ್ಲದ ವಾರಗಳಿಗೆ ಏನಾದರೂ ಕೆಲಸ: ಚೀಲ ತುಂಬುವುದು, ಚರಂಡಿ ಬಿಡಿಸುವುದು, ಬೇಲಿ. ಮುಂಗಡ ಕೊಟ್ಟು ಕಟ್ಟಿಹಾಕಿದ ಆಳು ಉಳಿದ ಹಾಗೆ ಕಾಣುತ್ತಾರೆ ಅಷ್ಟೇ. ಬೇರೆಯವರು ಆ ಮುಂಗಡ ತೀರಿಸಿದ ದಿನ ಹೊರಡುತ್ತಾರೆ. ಕಸಿ ಬಲ್ಲ ಒಬ್ಬರ ಜೊತೆ ಹೊಸಬರನ್ನು ಇಬ್ಬರಂತೆ ನಿಲ್ಲಿಸಿ ಎರಡು ಹಂಗಾಮು ಕಲಿಸಿದರೆ ಎಂಟನೇ ವರ್ಷ ಬ್ಲಾಕ್ ಪೂರ್ತಿ ಫಸಲಿಗೆ ಬರುವಾಗ ಕೆಲಸ ಗೊತ್ತಿರುವವರು ತೋಟದಲ್ಲೇ ಇರುತ್ತಾರೆ. ಕಸಿ ಮೇಸ್ತ್ರಿಯ ಕೂಲಿ ಇತರರಿಗಿಂತ ಹೆಚ್ಚಿರಲಿ, ಅದನ್ನು ಬಾಯಿಬಿಟ್ಟು ಎಲ್ಲರೆದುರೇ ಹೇಳಿ.

ಬಳ್ಳಿ

ಉಳಿಸಿಕೊಂಡ ಹಳೆಯ ಮರಗಳಿಗೆ ಮೆಣಸನ್ನು ಮೊದಲ ವರ್ಷವೇ ಹಬ್ಬಿಸಬಹುದು. ಹೊಸ ಸಿಲ್ವರ್ ಓಕ್ ಬಳ್ಳಿ ಹೊರುವಷ್ಟು ದಪ್ಪವಾಗಲು ಕೆಲವು ವರ್ಷ ಕಾಯಬೇಕು. ಆತುರಪಟ್ಟರೆ ಬಳ್ಳಿ ಮರವನ್ನೇ ಬಗ್ಗಿಸುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಆರೋಗ್ಯದ ಬಳ್ಳಿಯ ಬುಡದಿಂದ ಹೊರಡುವ ಹಬ್ಬುಬಳ್ಳಿ ಕತ್ತರಿಸಿ ಚೀಲದಲ್ಲಿ ಬೇರು ಬರಿಸಿ, ಮಳೆ ಹಿಡಿದ ಮೇಲೆ ಮರದ ಉತ್ತರ ಅಥವಾ ಈಶಾನ್ಯ ಮಗ್ಗುಲಿಗೆ, ಬುಡದಿಂದ ಒಂದಡಿ ದೂರದಲ್ಲಿ ನೆಡುವುದು. ತಳಿಯಲ್ಲಿ ಒಂದನ್ನೇ ನಂಬಬೇಡಿ. ಪನ್ನಿಯೂರು-1 ಬಿಸಿಲಿದ್ದಲ್ಲಿ ಉದ್ದ ಗೊನೆ ಬಿಡುತ್ತದೆ, ದಟ್ಟ ನೆರಳಿನಲ್ಲಿ ಸೋಲುತ್ತದೆ. ನಮ್ಮ ಮಲ್ಲಿಗೆಸರ ನೆರಳಿಗೂ ಒಗ್ಗುತ್ತದೆ. ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರದಲ್ಲಿ ಸೊರಗುರೋಗ ತಡೆದುಕೊಳ್ಳುವ ತಳಿಗಳ ಬಗ್ಗೆ ಕೇಳಿ ತಿಳಿದುಕೊಳ್ಳಬಹುದು.

ಸೊರಗುರೋಗದ ವಿಷಯದಲ್ಲಿ ಒಂಟಿ ತೋಟ ಎಂಬುದಿಲ್ಲ. ಅದರ ಬೀಜಾಣು ನೀರಿನಲ್ಲಿ ಈಜುತ್ತದೆ. ಮೇಲಿನ ತೋಟದವರು ಚರಂಡಿಯನ್ನು ನಿಮ್ಮ ಬಳ್ಳಿಗಳ ನಡುವೆ ಬಿಟ್ಟಿದ್ದರೆ ನೀವು ಎಷ್ಟು ಸಿಂಪಡಿಸಿದರೂ ಜುಲೈಯಲ್ಲಿ ಎಲೆ ಉದುರುತ್ತದೆ. ಏಪ್ರಿಲಿನಲ್ಲೇ ಇಬ್ಬರೂ ಗಡಿಯುದ್ದಕ್ಕೂ ನಡೆದು ಚರಂಡಿಯ ದಾರಿ ಗುರುತು ಮಾಡಿ, ಖರ್ಚು ಹಂಚಿಕೊಂಡು ತೋಡಿಸುವುದು ಔಷಧಿಗಿಂತ ಅಗ್ಗ. ಮಳೆಗೆ ಮುಂಚೆ ಒಮ್ಮೆ, ಆಗಸ್ಟಿನ ಬಿಡುವಿನಲ್ಲಿ ಇನ್ನೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಯಲ್ಲೇ; ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಬೇಕು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಿ, ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಬೆರೆಸಿದ ದಿನವೇ ಮುಗಿಸಬೇಕು. ಬುಡಕ್ಕೆ ಲೀಟರಿಗೆ ಎರಡು ಗ್ರಾಂ ಕಾಪರ್ ಆಕ್ಸಿಕ್ಲೋರೈಡ್, ಬಳ್ಳಿಯ ಗಾತ್ರ ನೋಡಿ ಐದರಿಂದ ಹತ್ತು ಲೀಟರ್. ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಹಾಕುವವರು ತಾಮ್ರದ ಜೊತೆಗೇ ಹಾಕಿದರೆ ಎರಡೂ ವ್ಯರ್ಥ.

ಕಾಫಿಯ ಕಾಯಿಕೊರಕ ಹುಳುವಿನ ಕತೆಯೂ ಗಡಿ ದಾಟಿದ್ದೇ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಉದುರಿದ್ದು ಪೂರ್ತಿ ಹೆಕ್ಕದಿದ್ದರೆ ಹುಳು ಅದರಲ್ಲೇ ಬೇಸಿಗೆ ಕಳೆದು ಹೊಸ ಕಾಯಿಗೆ ಏರುತ್ತದೆ. ಪಕ್ಕದವರು ಬೆಂಗಳೂರಿನಲ್ಲಿದ್ದು ಹೆಕ್ಕಿಸುವುದಿಲ್ಲ ಎಂದಾದರೆ, ಅವರ ಅನುಮತಿ ಕೇಳಿ ಗಡಿಯ ನಾಲ್ಕು ಸಾಲು ನಿಮ್ಮ ಆಳಿನಿಂದಲೇ ಹೆಕ್ಕಿಸಿ, ಕಾಫಿ ಅವರಿಗೇ ಕೊಡಿ. ಇಲ್ಲಿ ಉದಾರತನದ ಮಾತೇನೂ ಇಲ್ಲ, ಹುಳು ನಿಮ್ಮ ಕಡೆಗೆ ಬರದಿರಲಿ ಎಂಬ ಲೆಕ್ಕ ಅಷ್ಟೇ.

ಕೆರೆಯ ನೀರಿನ ಸರದಿ

ಫೆಬ್ರವರಿ, ಮಾರ್ಚಿನ ಹೂಮಳೆ ಕಾಯುವ ಧೈರ್ಯ ಈಗ ರೋಬಸ್ಟಾದವರಿಗೆ ಇಲ್ಲ. ಸ್ಪ್ರಿಂಕ್ಲರ್ ನಡೆಯಬೇಕು. ಹೂವಿಗೆ ಒಂದೂವರೆ ಇಂಚು, ಹದಿನೈದು ಇಪ್ಪತ್ತು ದಿನ ಬಿಟ್ಟು ಕಾಯಿ ಕಚ್ಚಲು ಬ್ಯಾಕಿಂಗ್ ಎನ್ನುವ ಎರಡನೇ ನೀರು ಒಂದು ಇಂಚು ಎಂದು ಹಿಡಿಯೋಣ. ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ಹತ್ತು ಎಕರೆಗೆ ಎರಡೂ ಸೇರಿ 25 ಲಕ್ಷ ಲೀಟರ್ ದಾಟುತ್ತದೆ. ಆವಿಯಾಗಿ, ಇಂಗಿ ಹೋಗುವುದು ಬೇರೆ. ಒಬ್ಬರೇ ಇಷ್ಟು ದೊಡ್ಡ ಕೆರೆ ತೋಡಿಸುವುದಕ್ಕಿಂತ ಇಬ್ಬರು ಮೂವರು ಸೇರಿ ತಗ್ಗಿನಲ್ಲಿ ಒಂದು ಮಾಡಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಜಗಳವೂ ಅಷ್ಟೇ ಹಳೆಯದು.

ಜಗಳ ಹುಟ್ಟುವುದು ನೀರಿನ ಪ್ರಮಾಣದಿಂದಲ್ಲ, ಯಾರು ಮೊದಲು ಎಂಬುದರಿಂದ. ಗಂಟೆಗೆ 30,000 ಲೀಟರ್ ಎಸೆಯುವ ಪಂಪಿಗೆ ಎಕರೆಗೆ ಐದು ಗಂಟೆ, ಹತ್ತು ಎಕರೆಗೆ ಐವತ್ತು ಗಂಟೆ, ಪೈಪ್ ಬದಲಿಸುವ ಹೊತ್ತು ಸೇರಿ ನಾಲ್ಕೈದು ದಿನ. ಎರಡನೆಯವರ ಸರದಿ ಬರುವಷ್ಟರಲ್ಲಿ ಒಂದು ತುಂತುರು ಮಳೆ ಬಿದ್ದರೆ ಅವರ ಮೊಗ್ಗು ಅರ್ಧ ನೆನೆದು ಅರಳದೆ ಗುಲಾಬಿಯಾಗಿ ಒಣಗುತ್ತದೆ. ಹಾಗೆಂದು ಇಬ್ಬರೂ ನೀರನ್ನು ಅರ್ಧರ್ಧ ಹಂಚಿಕೊಂಡರೆ ಇಬ್ಬರ ಹೂವೂ ಹಾಳು. ಅರ್ಧ ಇಂಚು ಕೊಡುವುದಕ್ಕಿಂತ ಕೊಡದಿರುವುದು ಮೇಲು. ಆದ್ದರಿಂದ ಒಪ್ಪಂದ ಹೀಗಿರಲಿ: ಮೊದಲ ಸರದಿ ವರ್ಷ ಬಿಟ್ಟು ವರ್ಷ ಅದಲು ಬದಲು. ಒಬ್ಬರ ಹೂನೀರು ಪೂರ್ತಿ ಮುಗಿದ ಮೇಲೆಯೇ ಇನ್ನೊಬ್ಬರದು. ಕೆರೆಯ ಮಟ್ಟ ಗುರುತಿನ ಕಲ್ಲಿಗಿಂತ ಕೆಳಗಿದ್ದರೆ ಇಬ್ಬರೂ ಎಕರೆ ಕಡಿಮೆ ಮಾಡಬೇಕು, ಇಂಚು ಕಡಿಮೆ ಮಾಡಬಾರದು. ಡೀಸೆಲ್ ಗಂಟೆಯ ಲೆಕ್ಕಕ್ಕೆ, ಹೂಳೆತ್ತುವುದು ಎಕರೆಯ ಲೆಕ್ಕಕ್ಕೆ. ಹೊಸ ಬ್ಲಾಕಿನ ಎಳೆ ಗಿಡಕ್ಕೆ ಬೇಕಾದ ನೀರು ಬೇರೆ. ಅದನ್ನು ಒಪ್ಪಂದದಲ್ಲಿ ಮೊದಲೇ ಹೇಳಿಡದಿದ್ದರೆ ಎರಡನೇ ಬೇಸಿಗೆಯಲ್ಲೇ ಮಾತು ಬರುತ್ತದೆ.

ನೀರು ಕೊಟ್ಟ ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಒಂದೇ ತಾಯಿಗಿಡದ ಕಡ್ಡಿಯಿಂದ ಮಾಡಿದ ಸಸಿಗಳನ್ನು ಇಡೀ ಬ್ಲಾಕಿಗೆ ನೆಟ್ಟವರ ತೋಟದಲ್ಲಿ ಹೂವು ಬೆಳ್ಳಗೆ ಹಾಸಿದ್ದರೂ ಕಾಯಿ ತೆಳುವಾಗಿರಲು ಕಾರಣ ಇದು. ಗಾಳಿ ಒಂದಷ್ಟು ಕೆಲಸ ಮಾಡುತ್ತದೆ, ಉಳಿದದ್ದು ಜೇನಿನದು. 1990ರ ದಶಕದಲ್ಲಿ ವೈರಸ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದ ಮೇಲೆ ಕೊಡಗಿನಲ್ಲಿ ಪೆಟ್ಟಿಗೆ ಇಡುವ ಮನೆ ಕಡಿಮೆಯಾಯಿತು. ಮತ್ತೆ ಇಡುವುದಾದರೆ ಹೂವಿನ ವಾರ ಕೀಟನಾಶಕ ಬೇಡ, ಹೆಜ್ಜೇನು ಕಟ್ಟುವ ದೊಡ್ಡ ಮರದ ಕಪಾತು ಆ ಹೊತ್ತಿಗೆ ಬೇಡ.

ಕಣ, ಔಟ್‌ಟರ್ನ್, ಹಂಚಿಕೆ

ಮೊದಲ ಎರಡು ವರ್ಷ ಬಂದ ಹೂವನ್ನು ಚಿವುಟಿ ಹಾಕುವುದೇ ಸರಿ, ಗಿಡ ಚೌಕಟ್ಟು ಕಟ್ಟಿಕೊಳ್ಳಲಿ. ನಾಲ್ಕನೇ ವರ್ಷದ ಫಸಲನ್ನು ಹಳೆ ಬ್ಲಾಕಿನದರ ಜೊತೆ ಬೆರೆಸದೆ ಬೇರೆಯೇ ಒಣಗಿಸಿ ತೂಗಿಸಿ. ಕಣದಲ್ಲಿ ಮೂರು ಅಂಗುಲಕ್ಕಿಂತ ದಪ್ಪ ಹರಡಬಾರದು, ದಿನಕ್ಕೆ ಹಲವು ಸಲ ಕೈಯಾಡಿಸಬೇಕು. ಹಿಡಿ ತುಂಬ ಹಿಡಿದು ಕುಲುಕಿದರೆ ಒಳಗೆ ಗಲಗಲ ಎನ್ನಬೇಕು, ತೇವ ಶೇಕಡಾ 11ಕ್ಕೆ ಇಳಿದಿರಬೇಕು.

ಚೆರ್ರಿ (ಸಿಪ್ಪೆ ಸಹಿತ ಒಣಗಿಸಿದ ಕಾಯಿ) ಮಾರುವುದು 50 ಕಿಲೋ ಚೀಲಕ್ಕೆ, ದರ ನಿಲ್ಲುವುದು ಔಟ್‌ಟರ್ನ್ ಮೇಲೆ: ಆ ಐವತ್ತರಲ್ಲಿ ಸಿಪ್ಪೆ ತೆಗೆದ ಬೇಳೆ ಎಷ್ಟು ಕಿಲೋ ಬರುತ್ತದೆ ಎಂಬುದು. 27 ಎಂದು ಬರೆದುಕೊಂಡದ್ದು ನಿಜಕ್ಕೂ 28 ಇದ್ದರೆ 200 ಚೀಲಕ್ಕೆ 200 ಕಿಲೋ ಬೇಳೆ ಕೈಬಿಟ್ಟಂತೆ. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲಿಂಗ್ 1996ರಲ್ಲಿ ಪೂರ್ತಿ ಹೋದ ಮೇಲೆ ಈ ಅಂಕಿಯನ್ನು ಬೆಳೆಗಾರ, ವ್ಯಾಪಾರಿ ಇಬ್ಬರೇ ಎದುರುಬದುರು ಕೂತು ನಿಲ್ಲಿಸಬೇಕು. ವರ್ಷಕ್ಕೊಬ್ಬ ವ್ಯಾಪಾರಿಯನ್ನು ಹಿಡಿದರೆ ಒಬ್ಬನಲ್ಲಿ ದರ ಸಿಕ್ಕೀತು, ಇನ್ನೊಬ್ಬನಲ್ಲಿ ಔಟ್‌ಟರ್ನ್ ಹೋಗುತ್ತದೆ. ಒಬ್ಬರ ಜೊತೆಯೇ ವ್ಯವಹಾರ ನಡೆಸಿ, ಆದರೆ ಪ್ರತಿ ಲಾಟಿನ ಮಾದರಿ ನೀವೂ ಬೇರೆ ಮಿಲ್ಲಿನಲ್ಲಿ ಮಾಡಿಸಿ ನೋಡಿ, ಅದನ್ನು ಅವರಿಗೂ ತಿಳಿಸಿ. ಕೆಲವು ಹಂಗಾಮು ಎರಡು ಅಂಕಿ ಹತ್ತಿರ ಬಂದರೆ ಆಮೇಲೆ ಫೋನಿನಲ್ಲೇ ದರ ನಿಲ್ಲುತ್ತದೆ. ಫಸಲಿನ ಮೇಲೆ ಅವರಿಂದ ಮುಂಗಡ ಎತ್ತಿದ ವರ್ಷ ಮಾತ್ರ ಈ ಮಾತುಕತೆಗೆ ಅರ್ಥವಿಲ್ಲ, ದರ ಅವರದ್ದೇ.

ಹಂಚಿಕೆಯ ಕ್ರಮ ಕಾಗದದಲ್ಲಿ ಬರೆದದ್ದೇ: ಮೊದಲು ಆಳಿನ ಬಾಕಿ, ಆಮೇಲೆ ನೋಡಿಕೊಳ್ಳುವವರ ಸಂಬಳ, ಸಾಲದ ಕಂತು, ಮುಂದಿನ ಬ್ಲಾಕಿನ ನಿಧಿಗೆ ನಿಗದಿತ ಪಾಲು, ಉಳಿದದ್ದು ಪಾಲುದಾರರಿಗೆ. ನಿಧಿಯ ಖಾತೆ ಬೇರೆ ಇರಲಿ, ಎರಡು ಸಹಿ ಬೇಕಾಗುವಂತೆ ಇರಲಿ. ಮೆಣಸಿನ ಹಣವನ್ನು ಪೂರ್ತಿ ಆ ಖಾತೆಗೇ ಹಾಕುವ ಮನೆಗಳಿವೆ. ಕಾಫಿ ದರ ಬಿದ್ದ ವರ್ಷ ಮರುನಾಟಿ ನಿಲ್ಲದಿರುವುದು ಅಂಥ ಕಡೆಗಳಲ್ಲೇ. ಹೊಸ ಬ್ಲಾಕಿನ ತೂಕ, ಔಟ್‌ಟರ್ನ್, ಸತ್ತ ಗಿಡದ ಸಂಖ್ಯೆ ಇವನ್ನು ಅದೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಎರಡನೇ ಬ್ಲಾಕಿಗೆ ಹತ್ತು ಅಡಿಯೋ ಎಂಟೋ, ಸಿ×ಆರ್ ಸಾಕೋ ಎಂಬ ಚರ್ಚೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬೀಜದ ಬೇಡಿಕೆ ಹೋಗಬೇಕಾದ್ದು ಮಾತ್ರ ಅದಕ್ಕೂ ಮುಂಚೆ.